ಓದುಗರು ಕೇಳಿದ್ದು: ಮರಿಂಬಾ ನುಡಿಯುವ ನಾಡಿನ ಬಗ್ಗೆ

ಹೋದ ಸಂಚಿಕೆಯಲ್ಲಿ ಕೊಲಂಬಿಯಾದ ಆಫ್ರಿಕಾ ಮೂಲದ ಜನರ ಸಂಗೀತದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಕೊಲಂಬಿಯಾ ಅಂದರೆ ನಮಗೆ ಫುಟ್‌ಬಾಲ್ ಮತ್ತು ಕಾಫಿ, ಅಷ್ಟೇ ಗೊತ್ತು. ಅಲ್ಲಿಗೆ ಆಫ್ರಿಕಾದವರು ಹೇಗೆ ಬಂದರು? ಎಷ್ಟು ಜನ ಇದ್ದಾರೆ? (ಹಾಸನದ ಓದುಗರು)

ಉತ್ತರ: ಅವರಾಗಿ ಬಂದವರಲ್ಲ. ಸ್ಪೇನ್ ಆಳುತ್ತಿದ್ದ ಕಾಲದಲ್ಲಿ ಹಡಗುಗಳಲ್ಲಿ ತುಂಬಿ ತಂದು ಕಾರ್ತಹೇನಾ ಬಂದರಿನಲ್ಲಿ ಗುಲಾಮರನ್ನಾಗಿ ಮಾರಿದರು. ಪೆಸಿಫಿಕ್ ಕಡೆಯ ನದಿಗಳಲ್ಲಿ ಚಿನ್ನ ತೆಗೆಸಿದರು. ಗುಲಾಮಗಿರಿ ನಿಲ್ಲಿಸುವ ಕಾನೂನು ಬಂದದ್ದು 1851ರ ಮೇ 21ರಂದು, ಜಾರಿಯಾದದ್ದು 1852ರ ಜನವರಿ 1ಕ್ಕೆ.

ಎಷ್ಟು ಜನ ಅನ್ನುವುದೇ ಅಲ್ಲಿ ದೊಡ್ಡ ಜಗಳ. 2005ರ ಜನಗಣತಿಯಲ್ಲಿ ಸುಮಾರು 43 ಲಕ್ಷ ಇದ್ದವರು 2018ರ ಗಣತಿಯಲ್ಲಿ 30 ಲಕ್ಷಕ್ಕೆ ಇಳಿದರು. ಹದಿಮೂರು ಲಕ್ಷ ಜನ ಎಲ್ಲಿ ಹೋದರು? ಎಲ್ಲೂ ಹೋಗಿರಲಿಲ್ಲ, ಎಣಿಸಿರಲಿಲ್ಲ. ಸಮುದಾಯದವರು ಕೋರ್ಟಿಗೆ ಹೋದರು, ಅವರ ಹಕ್ಕಿಗೆ ಧಕ್ಕೆಯಾಗಿದೆ ಎಂದು ಸಂವಿಧಾನ ನ್ಯಾಯಾಲಯ 2022ರಲ್ಲಿ ಹೇಳಿತು. ಲೆಕ್ಕಕ್ಕೆ ಸಿಗದವರಿಗೆ ಶಾಲೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ, ಅಲ್ವಾ?

ಪ್ರಶ್ನೆ: ಮರಿಂಬಾ ಅಂದರೆ ನಮ್ಮ ಜಲತರಂಗದ ತರಹದ್ದಾ? ಎಲ್ಲಿಂದ ಕೇಳಲು ಶುರು ಮಾಡಲಿ? (ಮೈಸೂರಿನ ಸಂಗೀತ ಶಿಕ್ಷಕಿ)

ಉತ್ತರ: ಕಿವಿಗೆ ಸ್ವಲ್ಪ ಹಾಗೆ ಅನ್ನಿಸಬಹುದು ಮೇಡಂ, ಆದರೆ ಇದು ಪೂರ್ತಿ ಕಾಡಿನ ವಾದ್ಯ. ಚೊಂತಾ ಅನ್ನುವ ತಾಳೆ ಜಾತಿಯ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸುತ್ತಾರೆ. ಪ್ರತಿ ಪಟ್ಟಿಯ ಕೆಳಗೆ ಒಂದೊಂದು ಬಿದಿರಿನ ಕೊಳವೆ. ರಬ್ಬರ್ ಸುತ್ತಿದ ಕೋಲಿನಿಂದ ಬಡಿದರೆ ನೀರು ತೊಟ್ಟಿಕ್ಕಿದಂಥ ನಾದ ಬರುತ್ತದೆ. ಒಂದೇ ಮರಿಂಬಾಕ್ಕೆ ಇಬ್ಬರು ನಿಲ್ಲುವುದುಂಟು, ಒಬ್ಬರು ಮಂದ್ರದಲ್ಲಿ ಒಂದೇ ವರಸೆ ಹಿಡಿದು ಬಿಡದೆ ನುಡಿಸುತ್ತಿದ್ದರೆ ಇನ್ನೊಬ್ಬರು ಮೇಲಿನ ಸ್ವರಗಳಲ್ಲಿ ಓಡಾಡುತ್ತಾರೆ. ಜೊತೆಗೆ ಬೊಂಬೋ, ಕುನೂನೋ ಅನ್ನುವ ಚರ್ಮದ ಡೋಲುಗಳು. ಗುವಾಸಾ ಅಂತ ಬೀಜ ತುಂಬಿದ ಬಿದಿರಿನ ಕೊಳವೆಯನ್ನು ಹಾಡುವ ಹೆಂಗಸರೇ ಅಲ್ಲಾಡಿಸುತ್ತಾರೆ. ಇವೆಲ್ಲ ಸೇರಿದರೆ ಕುರುಲಾವೋ ಎಂಬ ಹಾಡು ಕುಣಿತ.

ಒಂದು ಮಾತು. ಹಳಬರು ಮರಿಂಬಾವನ್ನು ಕಿವಿಯಿಂದಲೇ ಶ್ರುತಿ ಮಾಡುತ್ತಿದ್ದರು, ಅದು ಪಿಯಾನೋ ಶ್ರುತಿಗೆ ಕೂಡುವುದಿಲ್ಲ. ಮೊದಲು ಕೇಳಿದಾಗ ಅಪಶ್ರುತಿ ಅನ್ನಿಸಿದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ, ಇನ್ನೊಂದು ಸಲ ಕೇಳಿ.

ಯುನೆಸ್ಕೋ 2010ರಲ್ಲಿ ಈ ಸಂಗೀತವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲಿ ನಗರದಲ್ಲಿ ಇದಕ್ಕಾಗಿಯೇ ಪೆತ್ರೋನಿಯೋ ಆಲ್ವಾರೆಸ್ ಹಬ್ಬ ನಡೆಯುತ್ತದೆ. ಆ ಹೆಸರಿನವರು ರೈಲ್ವೆಯಲ್ಲಿ ದುಡಿಯುತ್ತಾ ಹಾಡು ಕಟ್ಟಿದವರು. ಶುರು ಮಾಡಲು ಎರೆನ್ಸಿಯಾ ದೆ ತಿಂಬಿಕಿ ತಂಡ ಒಳ್ಳೆಯದು.

ಪ್ರಶ್ನೆ: ಸಾವಿನ ಮನೆಯ ಹಾಡೂ ಹೋರಾಟದ ಹಾಡು ಎಂದು ಬರೆದಿದ್ದಿರಿ. ನನಗೆ ಅರ್ಥ ಆಗಲಿಲ್ಲ. (ಧಾರವಾಡದ ಓದುಗರು)

ಉತ್ತರ: ನಾನು ಅಲ್ಲಿ ಸರಿಯಾಗಿ ಬಿಡಿಸಿ ಹೇಳಲಿಲ್ಲ, ಈಗ ಹೇಳುತ್ತೇನೆ. ಚೊಕೋ ಪ್ರಾಂತ್ಯದಲ್ಲಿ ದೊಡ್ಡವರು ತೀರಿಕೊಂಡರೆ ಹೆಂಗಸರು ರಾತ್ರಿಯೆಲ್ಲ ಅಲಬಾವೋ ಹಾಡುತ್ತಾರೆ. ವಾದ್ಯ ಇರುವುದಿಲ್ಲ, ಬರೀ ಕಂಠ. ಒಂಬತ್ತನೇ ರಾತ್ರಿ ಸತ್ತವರನ್ನು ಕಳಿಸಿಕೊಡುತ್ತಾರೆ. ಮಗು ಸತ್ತರೆ ಹಾಡೇ ಬೇರೆ, ಅದು ಗುವಾಲಿ. ಮಗು ನೇರ ದೇವರ ಹತ್ತಿರ ಹೋಯಿತು ಎಂಬ ನಂಬಿಕೆ, ಹಾಗಾಗಿ ಅಲ್ಲಿ ಆಟವೂ ಉಂಟು.

2002ರ ಮೇ 2ರಂದು ಇದೇ ಚೊಕೋದ ಬೊಹಯಾ ಎಂಬಲ್ಲಿ ಫಾರ್ಕ್ ಎಂಬ ಎಡಪಂಥೀಯ ಬಂಡುಕೋರ ಪಡೆಯ ಗೆರಿಲ್ಲಾಗಳಿಗೂ ಖಾಸಗಿ ಸೈನ್ಯದವರಿಗೂ ಗುಂಡಿನ ಕಾಳಗ ನಡೆಯುತ್ತಿತ್ತು. ಊರಿನ ಜನ ಜೀವ ಉಳಿಸಿಕೊಳ್ಳಲು ಚರ್ಚಿನೊಳಗೆ ಸೇರಿದ್ದರು. ಗೆರಿಲ್ಲಾಗಳು ಎಸೆದ ಸಿಲಿಂಡರ್ ಬಾಂಬ್ ಆ ಚರ್ಚಿನ ಮೇಲೇ ಬಿತ್ತು. ಸತ್ತವರಲ್ಲಿ ಮಕ್ಕಳೇ ಜಾಸ್ತಿ. ಬದುಕಿದವರು ಊರು ಬಿಟ್ಟು ಓಡಬೇಕಾಯಿತು. ಹೆಣಗಳನ್ನು ಅವಸರದಲ್ಲಿ ಒಟ್ಟಿಗೆ ಹೂಳಿದರು. ಒಂಬತ್ತು ರಾತ್ರಿಯೂ ಇಲ್ಲ, ಹಾಡೂ ಇಲ್ಲ. ಹಾಡಿ ಕಳಿಸದಿದ್ದರೆ ಸತ್ತವರಿಗೆ ನೆಮ್ಮದಿ ಇಲ್ಲ ಎಂದು ನಂಬುವ ಜನಕ್ಕೆ ಇದು ಎಂಥ ಸಂಕಟ ನೋಡಿ.

ಆ ಹೆಂಗಸರು ಅಲಬಾವೋ ಧಾಟಿಗೆ ಯುದ್ಧದ ಬಗ್ಗೆ ತಮ್ಮದೇ ಮಾತು ಕಟ್ಟಿದರು. 2016ರ ಸೆಪ್ಟೆಂಬರಿನಲ್ಲಿ ಸರ್ಕಾರ ಮತ್ತು ಫಾರ್ಕ್ ಶಾಂತಿ ಒಪ್ಪಂದಕ್ಕೆ ಕಾರ್ತಹೇನಾದಲ್ಲಿ ಸಹಿ ಹಾಕಿದಾಗ, ಬೊಂಬೋ ಇಲ್ಲ ಮರಿಂಬಾ ಇಲ್ಲ, ಇಬ್ಬರ ಎದುರೂ ನಿಂತು ಹಾಡಿದರು. ಗುರುತು ಹಿಡಿದ ಅವಶೇಷಗಳು ಮನೆಯವರ ಕೈಗೆ ಬಂದದ್ದು 2019ರ ನವೆಂಬರಿನಲ್ಲಿ. ಹದಿನೇಳು ವರ್ಷ ಕಳೆದ ಮೇಲೆ ಸರಿಯಾದ ಸಂಸ್ಕಾರ ಆಯಿತು.

ಪ್ರಶ್ನೆ: ನಮ್ಮ ಸಿದ್ದಿಗಳಿಗೂ ಅವರಿಗೂ ನಂಟು ಇದೆಯಾ? (ಯಲ್ಲಾಪುರದ ಓದುಗರು)

ಉತ್ತರ: ನೇರ ನಂಟು ಇಲ್ಲ, ಹೊರಟ ಖಂಡ ಒಂದೇ, ದಾಟಿದ ಸಮುದ್ರ ಬೇರೆ. ಆದರೆ ತಪ್ಪಿಸಿಕೊಂಡು ಕಾಡು ಸೇರಿದ ಕಥೆ ಎರಡೂ ಕಡೆ ಇದೆ. ಅಲ್ಲಿ ಬೆಂಕೋಸ್ ಬಿಯೋಹೋ ಎಂಬ ನಾಯಕನ ಹೆಸರು ಹೇಳುತ್ತಾರೆ, ಅವನನ್ನು 1621ರಲ್ಲಿ ಕೊಂದರು. ತಪ್ಪಿಸಿಕೊಂಡವರು ಕಟ್ಟಿಕೊಂಡ ಊರು ಸಾನ್ ಬಸೀಲಿಯೋ ದೆ ಪಲೆಂಕೆ. ಸ್ಪ್ಯಾನಿಷ್ ಜೊತೆ ಆಫ್ರಿಕಾದ ಬಂಟು ನುಡಿಗಳು ಬೆರೆತ ಅವರ ಭಾಷೆ ಇಂದಿಗೂ ಆ ಊರಿನಲ್ಲಿ ಕೇಳಿಸುತ್ತದೆ. ನಿಮ್ಮ ಕಡೆಯ ಡಮಾಮಿ ಬಡಿತವನ್ನು ಆ ಊರಿನವರಿಗೆ ಕೇಳಿಸಬೇಕು ಅಂತ ನನಗೆ ತುಂಬ ಆಸೆ.

ಪ್ರಶ್ನೆ: ನಾನು ಚಿನ್ನದ ಗಣಿ ಊರಿನವನು. ಹಾಡಿದರೆ ನೆಲ ಉಳಿಯುತ್ತದೆಯೇ? (ಹಟ್ಟಿಯ ಓದುಗರು)

ಉತ್ತರ: ಬರೀ ಹಾಡಿದರೆ ಉಳಿಯುವುದಿಲ್ಲ. 1993ರಲ್ಲಿ ಅಲ್ಲಿನ ಆಫ್ರಿಕಾ ಮೂಲದವರಿಗಾಗಿ 70ನೇ ಕಾನೂನು ಬಂತು. ಅದರ ಪ್ರಕಾರ ನದಿ ದಂಡೆಯ ನೆಲದ ಹಕ್ಕುಪತ್ರ ಇಡೀ ಸಮುದಾಯದ ಹೆಸರಿಗೆ ಸಿಗುತ್ತದೆ, ಅದನ್ನು ಮಾರುವಂತಿಲ್ಲ. ಹೀಗೆ 50 ಲಕ್ಷ ಹೆಕ್ಟೇರಿಗೂ ಜಾಸ್ತಿ ನೆಲಕ್ಕೆ ಹಕ್ಕುಪತ್ರ ಆಗಿದೆ. ಆದರೂ ಕಾವ್ಕಾ ಪ್ರಾಂತ್ಯದ ಲಾ ತೋಮಾದಲ್ಲಿ, ಹೆಂಗಸರು ಮರದ ಮರಿಗೆಯಲ್ಲಿ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದ ನದಿಗೆ ಅಕ್ರಮವಾಗಿ ಜೆಸಿಬಿಗಳು ಇಳಿದವು, ನೀರಿಗೆ ಪಾದರಸ ಸೇರಿತು. 2014ರಲ್ಲಿ ಅಲ್ಲಿನ ಹೆಂಗಸರು ರಾಜಧಾನಿ ಬೊಗೋಟಾಕ್ಕೆ ಪಾದಯಾತ್ರೆ ಹೊರಟರು. ಮುಂದೆ ನಿಂತವರು ಫ್ರಾನ್ಸಿಯಾ ಮಾರ್ಕೆಸ್. 2022ರಲ್ಲಿ ಅವರು ದೇಶದ ಉಪಾಧ್ಯಕ್ಷೆಯಾದರು.

ಬ್ವೆನವೆಂತೂರಾ ಬಂದರಿನದು ಇನ್ನೊಂದು ಕಥೆ. ದೇಶದ ಸರಕಿನ ದೊಡ್ಡ ಪಾಲು ಹಾದು ಹೋಗುವ ಊರು, ಆದರೆ ಮನೆಯ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ. 2017ರಲ್ಲಿ ಜನ 22 ದಿನ ಊರು ಬಂದ್ ಮಾಡಿದರು, ಸರ್ಕಾರ ಒಪ್ಪಂದಕ್ಕೆ ಬಂತು. ಆ ಹೋರಾಟದ ಮುಖಂಡರಲ್ಲಿ ಒಬ್ಬರಾದ ತೆಮಿಸ್ತೊಕ್ಲೆಸ್ ಮಚಾದೋ ಅವರನ್ನು 2018ರ ಜನವರಿಯಲ್ಲಿ ಗುಂಡಿಟ್ಟು ಕೊಂದರು. ತಮ್ಮ ಬಡಾವಣೆಯ ನೆಲ ಅಲ್ಲಿನ ಜನರದ್ದೇ ಎಂದು ತೋರಿಸುವ ಕಾಗದಗಳನ್ನು ಅವರು ವರ್ಷಗಟ್ಟಲೆ ಒಂದೊಂದಾಗಿ ಕೂಡಿಸಿ ಕಾಪಾಡಿಕೊಂಡು ಬಂದಿದ್ದರು.