ದುಬೈಯ ಮಗನಿಗೆ ಅಡಿಕೆ ತೋಟ: ದಾನವೋ, ವಿಲ್ಲೋ?

ಪ್ರಶ್ನೆ: ನಾನು ಕೇರಳದ ಬದಿಯಡ್ಕ ಹತ್ತಿರದ ಕೃಷಿಕ. ವಯಸ್ಸು 71. ಸ್ವಂತ ದುಡ್ಡಿನಲ್ಲಿ ಕೊಂಡ ಎರಡೂವರೆ ಎಕರೆ ಅಡಿಕೆ ತೋಟ ಇದೆ, ಮನೆಯೂ ಅದರಲ್ಲೇ. 2009ರಲ್ಲಿ ಮಂಗಳೂರಿನಲ್ಲಿ ಕೊಂಡ ಫ್ಲ್ಯಾಟಿನ ಬಾಡಿಗೆ ನಮ್ಮಿಬ್ಬರ ಖರ್ಚಿಗೆ ಆಗುತ್ತದೆ. ಮಗ ಹದಿನೈದು ವರ್ಷದಿಂದ ದುಬೈಯಲ್ಲಿದ್ದಾನೆ, ಮಗಳು ಪುತ್ತೂರಿನಲ್ಲಿ. ತೋಟ ಮಗನಿಗೆ, ಫ್ಲ್ಯಾಟು ಮಗಳಿಗೆ ಅಂತ ಮನಸ್ಸು. ತೆರಿಗೆ ಉಳಿಯುತ್ತದೆ, ಈಗಲೇ ದಾನಪತ್ರ ಮಾಡಿ ಅಂತ ಒಬ್ಬರು ಹೇಳುತ್ತಾರೆ. ವಿಲ್ ಸಾಕು ಅಂತ ಇನ್ನೊಬ್ಬರು. ಹೆಸರಿಗೊಂದು ಕ್ರಯ ಮಾಡಿ ಅಂತ ಮತ್ತೊಬ್ಬರು. ಏನು ಮಾಡಲಿ?

ಉತ್ತರ: ಕ್ರಯದ ಮಾತು ಮೊದಲು ಬಿಟ್ಟುಬಿಡಿ ಅಣ್ಣ. ಕೇರಳದಲ್ಲಿ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶೇ. 2. ಸ್ವಂತ ಮಗನಿಗೆ ಮಾರಿದ ಹಾಗೆ ಮಾಡಲು ಹತ್ತರಲ್ಲೊಂದು ಪಾಲು ಸುಮ್ನೆ ಯಾಕೆ ಕಟ್ಟುತ್ತೀರಿ?

ಇನ್ನು ತೋಟ. ಇದನ್ನು ಮಗನಿಗೆ ದಾನ ಮಾಡಲು ಹೋಗಬೇಡಿ. ಅವನು ಈಗ ಎನ್‌ಆರ್‌ಐ, ಅಂದರೆ ಅನಿವಾಸಿ ಭಾರತೀಯ. ವಿದೇಶಿ ವಿನಿಮಯದ ಕಾನೂನಿನಂತೆ ಎನ್‌ಆರ್‌ಐ ಕೃಷಿಭೂಮಿ, ಪ್ಲಾಂಟೇಶನ್, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ವಾರಸಿನಿಂದ, ಅಂದರೆ ನಿಮ್ಮ ಕಾಲದ ನಂತರ ಬಂದರೆ ಅಡ್ಡಿಯಿಲ್ಲ. ನೋಂದಣಿ ಕಚೇರಿಯಲ್ಲಿ ಯಾರೂ ಇದನ್ನು ಕೇಳದೆ ಇರಬಹುದು. ನಮ್ಮೂರಲ್ಲಿ ಗಲ್ಫಿನ ಮಕ್ಕಳಿಗೆ ಹೀಗೆ ಬರೆದುಕೊಟ್ಟವರನ್ನು ನಾನೇ ಕಂಡಿದ್ದೇನೆ. ಆದರೆ ನಾಳೆ ಅವನು ತೋಟ ಮಾರಿ ದುಡ್ಡು ಆಚೆಗೆ ಒಯ್ಯಲು ಹೊರಟಾಗ ಯಾರಾದರೂ ಕೇಳಿದರೆ ಏನು ಹೇಳುತ್ತಾನೆ?

ಹಾಗಾಗಿ ತೋಟಕ್ಕೆ ವಿಲ್ ಬರೆಯಿರಿ. ಮುದ್ರಾಂಕ ಬೇಡ. ಇಬ್ಬರು ಸಾಕ್ಷಿಗಳು ಬೇಕು. ಅವರು ನಿಮಗಿಂತ ಚಿಕ್ಕವರಿರಲಿ, ನಿಮ್ಮ ವಯಸ್ಸಿನ ಗೆಳೆಯರನ್ನು ಕರೆಯಬೇಡಿ! ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಮನಸ್ಸು ಬದಲಾದರೆ ವಿಲ್ಲನ್ನೂ ಬದಲಾಯಿಸಬಹುದು. ನಿಮ್ಮ ಕಾಲದ ನಂತರ ಮನೆಯಲ್ಲಿ ವಾಸ, ತೋಟದ ಉತ್ಪತ್ತಿ ಎರಡೂ ಅತ್ತಿಗೆಗೆ ಅವರು ಇರುವ ತನಕ, ಆಮೇಲೆ ಮಗನಿಗೆ ಅಂತ ಬರೆಯಿರಿ. ಏನೂ ಬರೆಯದೆ ಹೋದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪತ್ನಿ, ಮಗ, ಮಗಳಿಗೆ ಮೂರು ಸಮಪಾಲು. ನಿಮ್ಮ ತಾಯಿ ಇದ್ದರೆ ನಾಲ್ಕು.

ಫ್ಲ್ಯಾಟಿನ ಸಂಗತಿ ಬೇರೆ. ಮಗಳು ಇಲ್ಲೇ ಇದ್ದಾಳೆ, ದಾನಕ್ಕೆ ತೊಡಕಿಲ್ಲ. ಆದರೆ ಪೂರ್ತಿ ಕೊಟ್ಟುಬಿಡಬೇಡಿ. ನನ್ನ ಸೋದರಮಾವ ಕೈಯಲ್ಲಿ ಏನೂ ಇಟ್ಟುಕೊಳ್ಳದೆ ಎಲ್ಲವನ್ನೂ ಮಗನಿಗೆ ಬರೆದರು. ಎರಡೇ ವರ್ಷ, ಮೊಣಕಾಲಿನ ಆಪರೇಷನ್‌ಗೆ ಸಾಲ ಬೇಕಾಯಿತು. ಆಸ್ತಿ ಅಡಮಾನ ಇಡಲು ಹೆಂಡತಿಯನ್ನು ಕೇಳಿ ಹೇಳುತ್ತೇನೆ ಅಂದ ಮಗ. ಮಾವ ಮತ್ತೆ ಆ ಮಾತು ಎತ್ತಲಿಲ್ಲ. ಒಮ್ಮೆ ಕೊಟ್ಟ ದಾನವನ್ನು ಮನಸ್ಸು ಬಂದ ಹಾಗೆ ವಾಪಸ್ ಪಡೆಯಲು ಆಗುವುದಿಲ್ಲ.

ನೀವಿಬ್ಬರೂ ಇರುವವರೆಗೆ ಬಾಡಿಗೆ ನಿಮ್ಮದೇ, ಒಡೆತನ ಮಗಳದ್ದು ಅಂತ ಜೀವಿತಾವಧಿ ಹಕ್ಕು ಉಳಿಸಿಕೊಂಡು ಪತ್ರ ಮಾಡಿ. ಮಗಳು ನಿಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತೂ ಅದರಲ್ಲೇ ಇರಲಿ. ನಾಚಿಕೆ ಪಡಬೇಡಿ. ಆ ಷರತ್ತು ಇದ್ದರೆ, ಅದು ಮುರಿದಾಗ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಟ್ರಿಬ್ಯೂನಲ್ ಆ ಪತ್ರವನ್ನೇ ಅನೂರ್ಜಿತ ಮಾಡಬಹುದು. ಇದರ ನೋಂದಣಿ ಕರ್ನಾಟಕದಲ್ಲೇ ಆಗಬೇಕು, ಶುಲ್ಕವೂ ಅಲ್ಲಿನದೇ.

ತೆರಿಗೆಯ ಮಾತು ಎತ್ತಿದ್ದೀರಿ. ಅದನ್ನು ನೋಡಿ ತೀರ್ಮಾನ ಮಾಡಬೇಡಿ. ದಾನವಾಗಿ ಬಂದರೂ ವಿಲ್‌ನಿಂದ ಬಂದರೂ ಮಗಳಿಗೆ ಆಗ ಆದಾಯ ತೆರಿಗೆ ಇಲ್ಲ. ಮುಂದೆ ಮಾರಿದರೆ ಎರಡರಲ್ಲೂ ನೀವು 2009ರಲ್ಲಿ ಕೊಟ್ಟ ಬೆಲೆಯಿಂದಲೇ ಲಾಭದ ಲೆಕ್ಕ. ಅಂದಿನ ಆಧಾರ (ಕ್ರಯಪತ್ರ), ರಶೀದಿಗಳನ್ನು ಜೋಪಾನ ಮಾಡಿ ಅವಳ ಕೈಗೆ ಕೊಡಿ.

ಇನ್ನೊಂದು. ತೋಟದ ವಿಲ್‌ನಲ್ಲಿ ಹಳೆಯ ಆಧಾರದ ಸರ್ವೆ ನಂಬರು ಮಾತ್ರ ಇದ್ದರೆ ಸಾಲದು. ರೀಸರ್ವೆ (ಮರು ಅಳತೆ) ಆಗಿದ್ದರೆ ಈಗಿನ ತೀರ್ವೆ (ಭೂ ಕಂದಾಯ) ರಶೀದಿ ನೋಡಿ ಹೊಸ ನಂಬರನ್ನೂ ಸೇರಿಸಿ. ಇಲ್ಲದಿದ್ದರೆ ಪೋಕುವರವು, ಅಂದರೆ ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ, ಮಾಡಿಸಲು ಮಗ ರಜೆಯಲ್ಲಿ ಬಂದಷ್ಟು ದಿನವೂ ವಿಲ್ಲೇಜ್ ಆಫೀಸಿನ ಬೆಂಚಿನಲ್ಲೇ ಕಳೆಯಬೇಕಾದೀತು.