ಎನ್‌ವಿಜಿ (ಕತ್ತಲಲ್ಲಿ ನೋಡೋ ಗಾಗಲ್ಸ್) ಟ್ರೇನಿಂಗ್‌ಗೆ ವಿನಾಯಿತಿ ಇದೆ ಅಂದ್ರೆ ರೀಸೆನ್ಸಿಗೂ (ಇತ್ತೀಚೆಗೆ ಹಾರಿಸಿರ್ಬೇಕು ಅನ್ನೋ ಷರತ್ತಿಗೂ) ಇದೆ ಅಂತಲ್ಲ

ತಮ್ಮಾ, ಆ ನವೆಂಬರ್ 22ರ ಪ್ಲಾನ್ ಅಲ್ಲಿಗೇ ನಿಲ್ಸು. ಫ್ರೆಂಡ್ಸ್‌ಗೆ ಇನ್ನೂ ಮಾತು ಕೊಟ್ಟಿಲ್ಲ ಅಂದ್ರೆ ಕೊಡ್ಲೇಬೇಡ. ನೀನು ಬೆಳಗ್ಗೆ ಹಾಕಿರೋದನ್ನ ಮೂರು ಸಲ ಓದ್ದೆ: ಅಕ್ಕನ ಮದುವೆಗೆ ಅಂತ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಬಂದೆ, ಗಾಗಲ್ಸ್ ಹಾಕ್ಕೊಂಡು ಕೊನೇ ಸಲ ಹಾರಿಸಿದ್ದು ಆಗಸ್ಟ್ 31, ಅರಿಜೋನಾಗೆ ವಾಪಸ್ ಹೋದ್ಮೇಲೆ 22ನೇ ತಾರೀಕು ಗೆಳೆಯನ ಹೆಲಿಕಾಪ್ಟರ್‌ನಲ್ಲಿ ಇಬ್ಬರನ್ನ ಕೂರಿಸ್ಕೊಂಡು ರಾತ್ರಿ ಫ್ಲೈಟ್, "ಏಪ್ರಿಲ್‌ನಲ್ಲಿ ಪಾರ್ಟ್ 135 ಚೆಕ್ ಆಗಿದೆ, 61.31 ನಂಗೆ ಎಕ್ಸೆಂಪ್ಟ್, 90 ದಿನಾನೂ ಆಗಿಲ್ಲ, ಏನೂ ತೊಂದ್ರೆ ಇಲ್ಲ." ಈ ನಂಬರೆಲ್ಲ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ನಿಯಮಗಳದ್ದು; ಪಾರ್ಟ್ 135 ಅಂದ್ರೆ ಬಾಡಿಗೆಗೆ ಹಾರಿಸೋ ಕಂಪನಿಗಳದ್ದು, ಚೆಕ್ ಅಂದ್ರೆ ಹಾರಿಸಿ ತೋರಿಸೋ ಪರೀಕ್ಷೆ. ಒಂಬತ್ತು ವರ್ಷದ ಹಿಂದೆ ನಾನು ಹೆಚ್ಚೂಕಮ್ಮಿ ಇದೇ ಲೆಕ್ಕ ಹಾಕಿದ್ದೆ, ಅದೇ ರಾಜ್ಯದಲ್ಲಿ. ನಿಮ್ಮಣ್ಣನ ಜೊತೆ ಓದಿದವನು ನಾನು, ಆ ಸಲಿಗೆಯಲ್ಲಿ ಬೈತೀನಿ, ಬೇಜಾರ್ ಮಾಡ್ಕೋಬೇಡ.

61.31ರ ಕೆ ಪ್ಯಾರಾದಲ್ಲಿರೋದು ಒಂದೇ ಸಲದ ಕೆಲಸ, ಗ್ರೌಂಡ್ ಟ್ರೇನಿಂಗ್, ಫ್ಲೈಟ್ ಟ್ರೇನಿಂಗ್, ಲಾಗ್‌ಬುಕ್‌ನಲ್ಲಿ ಎಂಡಾರ್ಸ್‌ಮೆಂಟ್. ಅಮೆರಿಕದ ಸೇನೆಯಲ್ಲಿ ಎನ್‌ವಿಜಿ ಚೆಕ್ ಪಾಸಾದವರಿಗೆ, ಇಲ್ಲಾ ಪಾರ್ಟ್ 135 ಕೆಳಗೆ ಎಕ್ಸಾಮಿನರ್ ಅಥವಾ ಚೆಕ್ ಏರ್‌ಮನ್ (ಪರೀಕ್ಷೆ ಮಾಡೋ ಪೈಲಟ್) ಮುಂದೆ ಎನ್‌ವಿಜಿ ಚೆಕ್ ಪಾಸಾದವರಿಗೆ ಅದು ಬೇಡ, ಅದೂ ಕಾಗದ ತೋರಿಸೋಕಾದ್ರೆ. ನೀನು ಅದರೊಳಗೆ ಬರ್ತೀಯ, ಒಪ್ದೆ. ಆದ್ರೆ ಆ ವಿನಾಯಿತಿ ಆ ಪ್ಯಾರಾಕ್ಕೆ ಮಾತ್ರ. 61.57ರ ಎಫ್ ಪ್ಯಾರಾ, ಅಂದ್ರೆ ರೀಸೆನ್ಸಿದು, ಬೇರೇನೇ, ಅಲ್ಲಿ "ಚೆಕ್ ಆಗಿದೆ ಬಿಡಪ್ಪಾ" ಅಂತ ಯಾರನ್ನೂ ಬಿಟ್ಟಿಲ್ಲ. ಪ್ಯಾಸೆಂಜರ್ ಇದ್ರೆ ಹಿಂದಿನ 2 ಕ್ಯಾಲೆಂಡರ್ ತಿಂಗಳು, ಇಲ್ಲದಿದ್ರೆ 4 ಕ್ಯಾಲೆಂಡರ್ ತಿಂಗಳು, ಅಷ್ಟರೊಳಗೆ ಅಲ್ಲಿ ಹೇಳಿರೋ ಕೆಲಸಗಳನ್ನ ನೀನೇ ಕಂಟ್ರೋಲ್ಸ್ ಹಿಡಿದು ಮಾಡಿರ್ಬೇಕು, ಲಾಗ್ ಮಾಡಿರ್ಬೇಕು. ಎರಡೂ.

90 ದಿನ ಅನ್ನೋದು ಎಲ್ಲಿಂದ ಬಂತು ಅಂತಾನೂ ಗೊತ್ತು. ಅದು 61.57ರ ಬಿ ಪ್ಯಾರಾ, ಮಾಮೂಲಿ ನೈಟ್ ಕರೆನ್ಸಿ, ಫುಲ್ ಸ್ಟಾಪ್ ಜೊತೆ ಮೂರು ಟೇಕಾಫ್ ಮೂರು ಲ್ಯಾಂಡಿಂಗ್. ಯುರೋಪಿನವರ ಎನ್‌ವಿಐಎಸ್ (ಗಾಗಲ್ಸ್, ಅದಕ್ಕೆ ಹೊಂದೋ ಕಾಕ್‌ಪಿಟ್ ಲೈಟ್ ಎಲ್ಲಾ ಸೇರಿದ ವ್ಯವಸ್ಥೆ) ನಿಯಮದಲ್ಲೂ 90 ದಿನದಲ್ಲಿ ಮೂರು ಫ್ಲೈಟ್ ಅಂತಿದೆ, ಯೂಟ್ಯೂಬ್‌ನಲ್ಲಿ ಎರಡನ್ನೂ ಕಲಸಿ ಹೇಳ್ತಾರೆ. ಎಫ್‌ಎಎ ಎನ್‌ವಿಜಿಗೆ ದಿನ ಎಣಿಸೋದೇ ಇಲ್ಲ, ತಿಂಗಳು ಎಣಿಸ್ಬೇಕು. ನವೆಂಬರ್‌ನಲ್ಲಿ ಯಾವ ದಿನ ಹಾರಿಸಿದ್ರೂ ಪ್ಯಾಸೆಂಜರ್ ಲೆಕ್ಕಕ್ಕೆ ಹಿಂದೆ ಹೋಗೋದು ಸೆಪ್ಟೆಂಬರ್ 1ರ ತನಕ. ನಿಂದು ಆಗಸ್ಟ್ 31. 22ಕ್ಕೆ 83 ದಿನ ಆಗಿರುತ್ತೆ ಅಷ್ಟೇ, ಆದ್ರೂ ಆ ಫ್ಲೈಟ್ ಪೂರ್ತಿ ಹೊರಗೆ. ಅದೇ ಸೆಪ್ಟೆಂಬರ್ 1ರ ರಾತ್ರಿ ಹಾರಿಸಿದ್ದಿದ್ರೆ ನವೆಂಬರ್ 30ರ ತನಕ ನಡೀತಿತ್ತು. ಒಂದೇ ದಿನದ ವ್ಯತ್ಯಾಸ ನೋಡು.

ಅದಕ್ಕಿಂತ ದೊಡ್ಡ ಚಿಂತೆ ನನಗೆ ನಿನ್ನ ಲಾಗ್‌ಬುಕ್ ಫೋಟೋ ನೋಡಿ. "ಎನ್‌ವಿಜಿ 2.1" ಅಂತ ಬರ್ದು ಬಿಟ್ಟಿದೀಯ. ಗಂಟೆ ಯಾರು ಕೇಳಿದ್ರು? ಎಫ್ ಪ್ಯಾರಾ ಕೇಳೋದು ಎಣಿಕೆ: ಮೂರು ಹೋವರಿಂಗ್ ಟಾಸ್ಕ್ (ಗಾಳೀಲಿ ಒಂದೇ ಕಡೆ ನಿಲ್ಲಿಸೋದು), ಮೂರು ಏರಿಯಾ ಡಿಪಾರ್ಚರ್ ಮತ್ತು ಅರೈವಲ್, ಗಾಗಲ್ಸ್‌ನಿಂದ ಬರಿಗಣ್ಣಿಗೆ ಹೋಗಿ ಮತ್ತೆ ಗಾಗಲ್ಸ್‌ಗೆ ಬರೋದು ಮೂರು, ಹೆಲಿಕಾಪ್ಟರ್‌ಗೆ ಆರು ಎನ್‌ವಿಜಿ ಆಪರೇಷನ್, ಗಾಗಲ್ಸ್‌ನಲ್ಲೇ ಟೇಕಾಫ್ ಲ್ಯಾಂಡಿಂಗ್ ಮಾಡೋನಾದ್ರೆ ಅದೂ ಮೂರ್ಮೂರು. ಸೂರ್ಯಾಸ್ತ ಆಗಿ 1 ಗಂಟೆ ಆದ್ಮೇಲೆ, ಸೂರ್ಯೋದಯಕ್ಕೆ 1 ಗಂಟೆ ಮುಂಚೆ ತನಕ, ಆ ಹೊತ್ತಲ್ಲಿ ಮಾಡಿದ್ದೇ ಲೆಕ್ಕ. ಮುಸ್ಸಂಜೆಯಲ್ಲಿ ಗಾಗಲ್ಸ್ ಇಳಿಸ್ಕೊಂಡು ಮಾಡಿದ ಹೋವರ್ ಇದಕ್ಕೆ ಬರಲ್ಲ. ಏಪ್ರಿಲ್ ಚೆಕ್ಕೂ ನವೆಂಬರ್‌ಗೆ ಬರಲ್ಲ.

ಈಗ ನಂದು ಹೇಳ್ತೀನಿ. ಆಗ ನಾನು ಏರ್ ಆಂಬ್ಯುಲೆನ್ಸ್ ಹಾರಿಸ್ತಿದ್ದೆ. ಕಂಪನೀಲಿ ರೀಸೆನ್ಸಿ ಎಲ್ಲಾ ಟ್ರೇನಿಂಗ್ ಡಿಪಾರ್ಟ್‌ಮೆಂಟ್ ನೋಡ್ಕೊಳ್ತಿತ್ತು, ಕಂಪ್ಯೂಟರ್‌ನಲ್ಲಿ ನನ್ನ ಹೆಸರ ಮುಂದೆ ಹಸಿರು ಟಿಕ್ ಇದ್ರೆ ಡ್ಯೂಟಿ, ಅಷ್ಟೇ ನೋಡಿ ಅಭ್ಯಾಸ. ಅಪ್ಪನ ಸೊಂಟದ ಆಪರೇಷನ್‌ಗೆ ಅಂತ ಮಲ್ಲೇಶ್ವರಂಗೆ ಬಂದವನು ಹತ್ತು ವಾರ ಇಲ್ಲೇ ಇದ್ದೆ. ವಾಪಸ್ ಹೋದಾಗ ಕಂಪನಿಯವರು ಮುಂದಿನ ವಾರ ರೀಫ್ರೆಶರ್ ಹಾಕಿದ್ರು. ಅದಕ್ಕೆ ಮೂರು ದಿನ ಮುಂಚೆ ಪರಿಚಯದವರೊಬ್ಬರು ಅವರ ಸ್ವಂತ ಹೆಲಿಕಾಪ್ಟರ್‌ನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ರಾತ್ರಿ ಅವರ ತೋಟಕ್ಕೆ ಬಿಡೋಕಾಗುತ್ತಾ ಅಂದ್ರು. ಕಾಕ್‌ಪಿಟ್ ಲೈಟಿಂಗ್ ಎನ್‌ವಿಐಎಸ್‌ದು, ರೇಡಾರ್ ಆಲ್ಟಿಮೀಟರ್ ಇತ್ತು, ಗಾಗಲ್ಸ್ ಒಳ್ಳೇವು, ನನ್ನ ಹತ್ರ 135 ಚೆಕ್ ಕಾಗದ ಇತ್ತು, ಎಂಡಾರ್ಸ್‌ಮೆಂಟ್ ಬೇಡ ಅಂತ ನಿಯಮಾನೇ ಹೇಳುತ್ತಲ್ಲ ಅಂತ ಹೊರಟುಬಿಟ್ಟೆ.

ಅಮಾವಾಸ್ಯೆ ಹತ್ರ. ದಾರಿಯುದ್ದಕ್ಕೂ ಚೆನ್ನಾಗೇ ಇತ್ತು. ಇಳಿಯೋ ಹೊತ್ತಿಗೆ ತೋಟದ ಕೆಲಸದವರು ಸಹಾಯ ಮಾಡೋಣ ಅಂತ ಪಿಕಪ್ ಗಾಡಿ ತಂದು ಹೈ ಬೀಮ್ ಹಾಕಿದ್ರು, ಸೀದಾ ನನ್ನ ಮುಖಕ್ಕೆ. ಗಾಗಲ್ಸ್ ಒಳಗೆ ಪೂರ್ತಿ ಬೆಳ್ಳಗಾಗೋಯ್ತು, ಕೈ ತಾನೇ ಹೋಗಿ ಗಾಗಲ್ಸ್ ಮೇಲೆತ್ತಿತು, ಎತ್ತಿದ್ರೆ ಹೊರಗೆ ಆ ಎರಡು ದೀಪ ಬಿಟ್ಟು ಬರೀ ಕತ್ತಲೆ. ಹೋವರ್‌ಗೆ ಬಂದಿದ್ದೆ, ನೆಲ ಕಾಣ್ತಿಲ್ಲ, ಹಿಂದಕ್ಕೆ ಜಾರ್ತಿದೀನಿ ಅನ್ನೋದು ಗೊತ್ತಾಗಿದ್ದು ಪಕ್ಕದ ಬೇಲಿ ಕಂಬ ಮುಂದಕ್ಕೆ ಸರಿದಾಗ. ಹಿಂದೆ ಕೂತಿದ್ದ ಆ ಹೆಂಗಸು ಕಿರುಚಿದ್ದು ಈಗಲೂ ಕಿವೀಲಿದೆ. ಲ್ಯಾಂಡಿಂಗ್ ಲೈಟ್ ಹಾಕಿ, ಸ್ವಲ್ಪ ಮುಂದೆ ತಂದು ಕೂರಿಸ್ದೆ, ಗಟ್ಟಿಯಾಗೇ ಕೂತಿತು. ಯಾರಿಗೂ ಏನೂ ಆಗ್ಲಿಲ್ಲ, ಸ್ಕಿಡ್ (ಹೆಲಿಕಾಪ್ಟರ್ ಕೂರೋ ಕಾಲು) ಸರಿಯಾಗೇ ಇತ್ತು. ಆದ್ರೆ ನೋಡು, ನಾನು ಎಡವಿದ್ದು ಎಲ್ಲಿ? ಗಾಗಲ್ಸ್‌ನಿಂದ ಬರಿಗಣ್ಣಿಗೆ ಬರೋ ಜಾಗದಲ್ಲಿ. ಮಾರನೇ ದಿನ ಲಾಗ್ ಬರೆಯೋಕೆ ಕೂತು ನಿಯಮ ತೆಗೆದು ನೋಡಿದ್ರೆ, ಎಫ್ ಪ್ಯಾರಾ ಮೂರು ಸಲ ಮಾಡು ಅಂತ ಹೇಳಿರೋದೂ ಅದನ್ನೇ, ನಾನು ಎಷ್ಟೋ ತಿಂಗಳಿಂದ ಬೇಕಂತ ಪ್ರಾಕ್ಟೀಸ್ ಮಾಡದೇ ಇದ್ದದ್ದೂ ಅದನ್ನೇ. ಕೈ ನಡುಗ್ತು. ನಾಸಾದವರ ಎಎಸ್‌ಆರ್‌ಎಸ್‌ಗೆ (ಪೈಲಟ್‌ಗಳು ತಮ್ಮ ತಪ್ಪನ್ನ ತಾವೇ ತಿಳಿಸೋ ವ್ಯವಸ್ಥೆ) 10 ದಿನದೊಳಗೆ ರಿಪೋರ್ಟ್ ಹಾಕ್ದೆ, ಚೀಫ್ ಪೈಲಟ್‌ಗೂ ಹೋಗಿ ಹೇಳ್ದೆ. ಇದನ್ನೂ ಕೇಳು, ಆ ರಿಪೋರ್ಟ್ ರಕ್ಷಣೆ ಕೊಡೋದು ಗೊತ್ತಿಲ್ಲದೇ ಆದ ತಪ್ಪಿಗೆ. ಈಗ ನಾನು ಇಷ್ಟು ಹೇಳಿದ್ಮೇಲೂ ನೀನು ಹೋದ್ರೆ ಅದು ಗೊತ್ತಿಲ್ಲದೇ ಮಾಡಿದ್ದು ಆಗಲ್ಲ.

ಅವತ್ತಿಂದ ಒಂದು ರಿಜಿಸ್ಟರ್ ಇಟ್ಟೆ. ಅವೆನ್ಯೂ ರೋಡಲ್ಲಿ ಸಿಗುತ್ತಲ್ಲ, 200 ಪುಟದ ಲಾಂಗ್ ಸೈಜ್, ಗಟ್ಟಿ ರಟ್ಟಿಂದು, ಅದೇ. ಎಡಗಡೆ ಪುಟದಲ್ಲಿ ಎಫ್ ಪ್ಯಾರಾದ ಒಂದೊಂದು ಐಟಂಗೂ ಒಂದೊಂದು ಕಾಲಮ್, ಪ್ರತಿ ಫ್ಲೈಟ್ ಮುಗಿದ್ಮೇಲೆ ಇಂಜಿನ್ ತಣ್ಣಗಾಗೋ ಮುಂಚೆ ಗೀಟು ಎಳೀಬೇಕು, ಮನೆಗೆ ಹೋಗಿ ಬರೀತೀನಿ ಅಂದ್ರೆ ಮರ್ತೇಹೋಗುತ್ತೆ. ತಿಂಗಳು ಬದಲಾದಾಗ ಕೆಂಪು ಗೆರೆ. ಬಲಗಡೆ ಪುಟದಲ್ಲಿ ಎರಡೇ ತಾರೀಕು, ಪ್ಯಾಸೆಂಜರ್ ಜೊತೆ ಯಾವತ್ತಿನವರೆಗೆ, ಪ್ಯಾಸೆಂಜರ್ ಇಲ್ಲದೆ ಯಾವತ್ತಿನವರೆಗೆ. ಸೆಪ್ಟೆಂಬರ್‌ನಲ್ಲಿ ಪೂರ್ತಿ ಸೆಟ್ ಮಾಡಿದ್ರೆ ನವೆಂಬರ್ 30 ಮತ್ತು ಜನವರಿ 31. ಒಂದು ಕಾಲಮ್ ಖಾಲಿ ಇದ್ರೂ ತಾರೀಕು ಬರೆಯೋ ಹಾಗಿಲ್ಲ. ಮೊದಲ ಪುಟಕ್ಕೆ ಚೆಕ್ ಕಾಗದದ ಜೆರಾಕ್ಸ್ ಅಂಟಿಸಿದೀನಿ. ಫೋರ್‌ಫ್ಲೈಟ್ ಬೇಡ ಅನ್ನಲ್ಲ, ನಾನೂ ಬಳಸ್ತೀನಿ, ಆದ್ರೆ ಆ್ಯಪ್ ನೀನು ತುಂಬಿದ್ದನ್ನೇ ಕೂಡೋದು, ನೀನು ತುಂಬದೇ ಇದ್ದದ್ದನ್ನ ಅದು ಹೇಗೆ ಕೇಳುತ್ತೆ? ಜೆಪ್ಪೆಸೆನ್ ಲಾಗ್‌ಬುಕ್ಕೂ ಚೆನ್ನಾಗಿದೆ, ಆದ್ರೆ ರಿಮಾರ್ಕ್ಸ್ ಕಾಲಮ್‌ನಲ್ಲಿ ಇಷ್ಟನ್ನೆಲ್ಲಾ ತುರುಕೋಕೆ ಜಾಗ ಸಾಲಲ್ಲ.

ಹಾಗಾದ್ರೆ ನೀನು ಮಾಡ್ಬೇಕಾದ್ದು. ಜುಲೈ ಆಗಸ್ಟ್ ಎರಡೂ ಸೇರಿ ಆ ಎಲ್ಲಾ ಟಾಸ್ಕ್ ಆಗಿದ್ದು ಲಾಗ್‌ನಲ್ಲಿ ನಿಜವಾಗಿ ಇದ್ರೆ ನವೆಂಬರ್‌ನಲ್ಲಿ ಪ್ಯಾಸೆಂಜರ್ ಇಲ್ಲದೆ ಹೋಗ್ಬಹುದು, ಹೋಗಿ ಪೂರ್ತಿ ಸೆಟ್ ಮಾಡಿ ಲಾಗ್ ಮಾಡು, ಆಮೇಲೆ ಫ್ರೆಂಡ್ಸ್‌ನ ಕೂರಿಸ್ಕೋ. ಬಿ ಪ್ಯಾರಾದ ಮೂರು ಫುಲ್ ಸ್ಟಾಪೂ ಅದೇ ರಾತ್ರಿ ಮುಗಿಸು. ಲಾಗ್‌ನಲ್ಲಿ ಬರೀ 2.1 ಅಂತಿದ್ರೆ ಜಿ ಪ್ಯಾರಾಕ್ಕೆ ಹೋಗು, ಎನ್‌ವಿಜಿ ಪ್ರೊಫಿಷಿಯೆನ್ಸಿ ಚೆಕ್, ಅದಕ್ಕೆ ಅರ್ಹತೆ ಇರೋ ಎಕ್ಸಾಮಿನರ್ ಅಥವಾ ಇನ್‌ಸ್ಟ್ರಕ್ಟರ್ ಹತ್ರ. ಕಂಪನಿ ಚೆಕ್ ಪೈಲಟ್ ಕೈಲಿ ಮಾಡಿಸ್ಕೋತೀನಿ ಅಂದ್ರೆ ನೀವಿಬ್ಬರೂ ಅದೇ ಆಪರೇಟರ್ ನೌಕರರಾಗಿರ್ಬೇಕು. ನನ್ನ ಕೇಳಿದ್ರೆ ಎರಡನೇದೇ ಮಾಡು, ಮೂರು ತಿಂಗಳು ಮದುವೆ ಊಟ ಮಾಡ್ಕೊಂಡಿದ್ದವನು ಒಬ್ಬನೇ ಕತ್ತಲಲ್ಲಿ ಹೋಗೋದು ನಿಯಮದಲ್ಲಿ ಸರಿ ಇದ್ರೂ ನನಗೆ ಸರಿ ಕಾಣಲ್ಲ.

ಜಕ್ಕೂರಿನ ಹುಡುಗ ಕೆಳಗೆ ಕೇಳಿದಾನೆ, ಅನುಭವ ಕಮ್ಮಿ ಇದ್ರೆ ಅರ್ಜಿ ಹಾಕಿ ವಿನಾಯಿತಿ ತಗೋಬಹುದಾ ಅಂತ. ತಗೋಬಹುದು, ಆದ್ರೆ ಅದು ಬೇರೆ ಜಾತಿ. ನಿಯಮದೊಳಗೇ ಬರೆದಿರೋ ವಿನಾಯಿತಿ ಒಂದು, ಕೇಳಿ ಪಡೆಯೋ ಆದೇಶ ಇನ್ನೊಂದು. ಎಫ್‌ಎಎಗೆ ಪಾರ್ಟ್ 11 ಕೆಳಗೆ ಅರ್ಜಿ, ಬೇಕಾದ ದಿನಕ್ಕೆ 120 ದಿನ ಮುಂಚೆ ಹಾಕಿ ಅಂತಾರೆ, ಯಾವ ಸೆಕ್ಷನ್‌ನಿಂದ ಎಷ್ಟರ ಮಟ್ಟಿಗೆ ಬಿಡುಗಡೆ, ಜನಕ್ಕೆ ಏನು ಉಪಯೋಗ, ಸುರಕ್ಷತೆ ಹೇಗೆ ಕಮ್ಮಿ ಆಗಲ್ಲ, ಎಲ್ಲಾ ಬರೀಬೇಕು. ಆಸ್ಟ್ರೇಲಿಯಾದಲ್ಲಿ ಎನ್‌ವಿಐಎಸ್ ರೇಟಿಂಗ್ ಅಂತ ಲೈಸೆನ್ಸ್‌ನಲ್ಲೇ ಬೇರೆ ಇದೆ, ಅಲ್ಲಿ ಕೊಡೋ ಎಕ್ಸೆಂಪ್ಷನ್‌ಗೆ ಆಯಸ್ಸು ಹೆಚ್ಚಂದ್ರೆ 3 ವರ್ಷ. ನಮ್ಮಲ್ಲಿ 1937ರ ಏರ್‌ಕ್ರಾಫ್ಟ್ ರೂಲ್ಸ್‌ನ 160ನೇ ನಿಯಮ, ಲಿಖಿತ ಆದೇಶ, ಷರತ್ತು ಸಮೇತ. ಯಾವ ದೇಶದ್ದೇ ಆಗ್ಲಿ, ಕೈಗೆ ಸಿಕ್ಕಾಗ ಮೊದಲು ಓದ್ಬೇಕಾದ್ದು ಮೂರು: ಯಾರಿಗೆ ಕೊಟ್ಟಿದಾರೆ, ಯಾವ ನಂಬರ್ ನಿಯಮದಿಂದ, ಯಾವತ್ತಿಗೆ ಮುಗಿಯುತ್ತೆ. ಷರತ್ತು ಮುರಿದ್ರೆ ಆದೇಶ ನಿನ್ನ ಪಾಲಿಗೆ ಇಲ್ಲ. ಒಂದು ಆಪರೇಟರ್‌ಗೆ ಕೊಟ್ಟಿದ್ದನ್ನ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿ "ಎಲ್ಲರಿಗೂ ಆಗಿದೆ" ಅನ್ನೋದನ್ನ ದಯವಿಟ್ಟು ನಿಲ್ಸಿ, ಈ ಗುಂಪಲ್ಲೇ ಎರಡು ಸಲ ಆಗಿದೆ.

ಇನ್ನೊಂದು, ಅಮೆರಿಕಕ್ಕೆ ಹೋಗಿ ಎನ್‌ವಿಜಿ ಕೋರ್ಸ್ ಮಾಡ್ತೀನಿ ಅನ್ನೋರು ದುಡ್ಡು ಕಟ್ಟೋ ಮುಂಚೆ ಐಟಾರ್ (ಅಮೆರಿಕದ ಶಸ್ತ್ರಾಸ್ತ್ರ ರಫ್ತು ನಿಯಮ) ವಿಷಯ ಕೇಳ್ಕೊಳ್ಳಿ. ಗಾಗಲ್ಸ್ ಒಳಗೆ ಬೆಳಕು ಹೆಚ್ಚಿಸೋ ಟ್ಯೂಬುಗಳಿಗೆ ರಫ್ತು ಕಾನೂನು ಇದೆ, ವಿದೇಶಿಯರಿಗೆ ಟ್ರೇನಿಂಗ್ ಕೊಡೋಕೂ ಅನುಮತಿ ಬೇಕಾಗುತ್ತೆ. ನನಗೂ ಈ ತಮ್ಮನಿಗೂ ಗ್ರೀನ್ ಕಾರ್ಡ್ ಇದ್ದಿದ್ದಕ್ಕೆ ಆಯ್ತು, ವಿದ್ಯಾರ್ಥಿ ವೀಸಾದವರಿಗೆ ಅಷ್ಟು ಸುಲಭ ಇಲ್ಲ.

ಹಸಿರು ಟ್ಯೂಬಾ ಬಿಳಿ ಟ್ಯೂಬಾ ಅಂತ ಮೇಲೆ ಜಗಳ ನಡೀತಿದೆ. ಬಿಳಿ ಫಾಸ್ಫರ್ (ಚಿತ್ರ ಬಿಳಿಯಾಗಿ ತೋರಿಸೋ ಟ್ಯೂಬ್) ನನಗೆ ಇಷ್ಟ, ಕಾಂಟ್ರಾಸ್ಟ್ ಚೆನ್ನಾಗಿ ಕಾಣುತ್ತೆ, ಆದ್ರೆ ಫೋಕಸ್ ಸರಿ ಮಾಡ್ದೆ ಬಿಳಿ ತಗೊಂಡು ಏನು ಮಾಡ್ತೀರ? ಹಾಫ್‌ಮನ್ 20/20 ಬಾಕ್ಸ್ (ಗಾಗಲ್ಸ್ ಫೋಕಸ್ ನೋಡೋ ಪೆಟ್ಟಿಗೆ) ಇದ್ರೆ ಪ್ರತಿ ರಾತ್ರಿ ಅದರಲ್ಲೇ ನೋಡಿ, ದೂರದ ದೀಪ ನೋಡಿ ಫೋಕಸ್ ಮಾಡೋದು ಅಂದಾಜು ಅಷ್ಟೇ. ಹೇಗಿದ್ರೂ ಕಾಣೋದು 40 ಡಿಗ್ರಿ, ತಲೆ ತಿರುಗಿಸ್ತಾನೇ ಇರ್ಬೇಕು. ಬ್ಯಾಟರಿಗೆ ಎನರ್ಜೈಸರ್ ಲಿಥಿಯಂ ಎಎ ಹಾಕಿ, ಚಳಿಯಲ್ಲಿ ಚೆನ್ನಾಗಿ ಬರುತ್ತೆ, ತೂಕಾನೂ ಕಮ್ಮಿ. ಹಿಂದೆ ಹೆಲ್ಮೆಟ್‌ಗೆ ಕೌಂಟರ್‌ವೇಟ್ ಹಾಕದೇ ಹಾರಿಸೋರು ಐದು ವರ್ಷ ಆದ್ಮೇಲೆ ಕುತ್ತಿಗೆ ಹಿಡ್ಕೊಂಡು ಬರ್ತಾರೆ, ಈಗ್ಲೇ ಹಾಕ್ಕೊಳ್ಳಿ.

ಎಲ್‌ಇಡಿ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಟವರ್ ಮೇಲಿನ ಕೆಲವು ಕೆಂಪು ಎಲ್‌ಇಡಿ ಗಾಗಲ್ಸ್‌ನಲ್ಲಿ ಕಾಣೋದೇ ಇಲ್ಲ, ಯಾಕಂದ್ರೆ ಕಾಕ್‌ಪಿಟ್ ಬೆಳಕು ತಡೆಯೋಕೆ ಗಾಗಲ್ಸ್‌ಗೆ ಹಾಕಿರೋ ಫಿಲ್ಟರ್ ಆ ಬಣ್ಣಾನೂ ತಡೀತದೆ, ಕ್ಲಾಸ್ ಬಿ ಫಿಲ್ಟರ್ 665 ನ್ಯಾನೋಮೀಟರ್‌ಗಿಂತ ಕೆಳಗಿಂದನ್ನ ಕತ್ತರಿಸುತ್ತೆ. ಎಫ್‌ಎಎ 2009ರಲ್ಲೇ ಇದಕ್ಕೆ ಎಚ್ಚರಿಕೆ ಕೊಟ್ಟಿದೆ. ಹಳೇ ಬಲ್ಬಿನ ದೀಪ ಮೈಲುಗಟ್ಟಲೆ ದೂರದಿಂದ ಕಾಣುತ್ತೆ, ಪಕ್ಕದ ಹೊಸ ಟವರ್ ಮಾಯ. ಹೆಬ್ಬಾಳದ ಕಡೆ ಎದ್ದಿರೋ ಅಪಾರ್ಟ್‌ಮೆಂಟ್‌ಗಳ ಮೇಲೆ ಎಂಥ ದೀಪ ಇದೆ ಅಂತ ನನ್ನ ಮನೆ ಟೆರೇಸಿಂದ ನೋಡ್ತಿರ್ತೀನಿ, ನಾಳೆ ಇಲ್ಲಿ ರಾತ್ರಿ ಆಂಬ್ಯುಲೆನ್ಸ್ ಗಾಗಲ್ಸ್‌ನಲ್ಲಿ ಹಾರೋ ದಿನ ಬಂದ್ರೆ ಇದೇ ಮೊದಲ ಕಷ್ಟ. ಗಾಗಲ್ಸ್ ಕೆಳಗಿಂದ, ಪಕ್ಕದಿಂದ ಬರಿಗಣ್ಣಲ್ಲೂ ನೋಡ್ತಾ ಇರಿ, ಅದು ಅಭ್ಯಾಸ ಆಗ್ಬೇಕು.

ತಮ್ಮಾ, ಭಾನುವಾರ ಹತ್ತು ಗಂಟೆ ಮೇಲೆ ಮಲ್ಲೇಶ್ವರಂಗೆ ಬಾ. ಫೋನಲ್ಲಿ ಫೋಟೋ ಬೇಡ, ಲಾಗ್‌ಬುಕ್ಕನ್ನೇ ತಗೊಂಡ್ ಬಾ, ಏಪ್ರಿಲ್ ಚೆಕ್ ಕಾಗದಾನೂ. ಜುಲೈ ಆಗಸ್ಟ್ ಫ್ಲೈಟ್‌ಗಳಲ್ಲಿ ಯಾವ ಟಾಸ್ಕ್ ಲಾಗ್ ಆಗಿದೆ ಯಾವುದು ಇಲ್ಲ ಅಂತ ಕೂತು ನೋಡೋಣ. ಬರ್ತಾ ಅವೆನ್ಯೂ ರೋಡಿಂದ ಒಂದು ರಿಜಿಸ್ಟರ್ ಹಿಡ್ಕೊಂಡ್ ಬಾ, ಕಾಲಮ್ ನಾನೇ ಗೆರೆ ಹಾಕಿ ಕೊಡ್ತೀನಿ.