ಸಕ್ಕರೆ ಕಾಯಿಲೆ ಇರುವವರು ಕಾಲಿನ ಉಗುರನ್ನು ಮನೆಯಲ್ಲೇ ಕತ್ತರಿಸಿಕೊಳ್ಳಬಹುದೇ?

ಪಾದದ ಸ್ಪರ್ಶಜ್ಞಾನ, ರಕ್ತಸಂಚಾರ ಎರಡೂ ಸರಿಯಿದ್ದು, ಕಣ್ಣು ಚೆನ್ನಾಗಿ ಕಂಡು, ಕೈ ಪಾದಕ್ಕೆ ಎಟುಕುವಂತಿದ್ದರೆ ಧಾರಾಳವಾಗಿ ಕತ್ತರಿಸಿಕೊಳ್ಳಬಹುದು. ಇವುಗಳಲ್ಲಿ ಒಂದು ಕೈಕೊಟ್ಟಿದ್ದರೂ ವೈದ್ಯರಿಂದಲೋ ತರಬೇತಿ ಪಡೆದ ನರ್ಸ್‌ರಿಂದಲೋ ಮಾಡಿಸಿಕೊಳ್ಳುವುದು ಕ್ಷೇಮ.

ತೊಂದರೆ ಉಗುರಿನದ್ದಲ್ಲ, ನರದ್ದು. ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಪಾದದ ನರಗಳು ಮಂಕಾಗುತ್ತವೆ. ಚರ್ಮ ಕತ್ತರಿಸಿಹೋದರೂ ನೋವೇ ಆಗುವುದಿಲ್ಲ. ರಕ್ತದ ಹರಿವೂ ಕಡಿಮೆಯಿದ್ದರೆ ಆ ಚಿಕ್ಕ ಗಾಯ ಮಾಯದೆ ಹುಣ್ಣಾಗುತ್ತದೆ.

ಸ್ನಾನವಾದ ಮೇಲೆ, ಉಗುರು ಮೆತ್ತಗಿರುವಾಗ, ಒಳ್ಳೆಯ ಬೆಳಕಿನಲ್ಲಿ ನೇರವಾಗಿ ಅಡ್ಡಕ್ಕೆ ಕತ್ತರಿಸಿ. ತೀರಾ ಗಿಡ್ಡ ಬೇಡ. ಮೂಲೆಗಳನ್ನು ಒಳಕ್ಕೆ ಕೊರೆಯಲೇಬೇಡಿ, ಉಗುರು ಮಾಂಸದೊಳಗೆ ಬೆಳೆಯುವುದು ಹೆಚ್ಚಾಗಿ ಅಲ್ಲಿಂದಲೇ. ಚೂಪು ಅಂಚನ್ನು ಅರದಿಂದ ಉಜ್ಜಿದರೆ ಸಾಕು. ಪಾದದ ಆಣಿಯನ್ನು (ಕಾರ್ನ್, ಗಟ್ಟಿಯಾದ ಚರ್ಮದ ಗಂಟು) ಬ್ಲೇಡಿನಿಂದ ಕೆತ್ತುವುದು, ಅದಕ್ಕೆಂದು ಸಿಗುವ ಆಣಿಪಟ್ಟಿ ಅಂಟಿಸುವುದು ಎರಡೂ ಬೇಡ; ಪಟ್ಟಿಯಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ನನ್ನ ಪ್ರಕಾರ ಕತ್ತರಿಸುವುದಕ್ಕಿಂತ ನೋಡುವುದು ಮುಖ್ಯ. ದಿನಕ್ಕೊಮ್ಮೆ ಅಂಗಾಲನ್ನು, ಬೆರಳ ಸಂದಿಗಳನ್ನು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ನೆಲದ ಮೇಲೊಂದು ಕನ್ನಡಿ ಇಟ್ಟುಕೊಳ್ಳಿ. ತೊಳೆಯುವ ನೀರು ಉಗುರುಬೆಚ್ಚಗಿರಲಿ, ಬಿಸಿಯನ್ನು ಮೊಣಕೈಯಿಂದ ಪರೀಕ್ಷಿಸಿ, ಏಕೆಂದರೆ ಪಾದ ಸುಳ್ಳು ಹೇಳೀತು. ಸಂದಿಗಳನ್ನು ಒಣಗಿಸಿ, ಕ್ರೀಮ್ ಉಳಿದ ಕಡೆ ಹಚ್ಚಬಹುದು, ಸಂದಿಗೆ ಬೇಡ. ಬರಿಗಾಲ ನಡಿಗೆ ಮನೆಯೊಳಗೂ ಬೇಡ. ಚಪ್ಪಲಿ, ಶೂ ಮೆಟ್ಟುವ ಮುನ್ನ ಒಳಗೆ ಕಲ್ಲುಗಿಲ್ಲು ಇದೆಯೇ ಎಂದು ಕೈಯಾಡಿಸಿ.

ಗಾಯ, ಕೆಂಪು, ಊತ, ಕೀವು, ಕಪ್ಪಾದ ಚರ್ಮ ಕಂಡರೆ ನೋವಿಲ್ಲವೆಂದು ಕಾಯಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಪಾದ ಪರೀಕ್ಷೆ ಆಗಲಿ. 10 ಗ್ರಾಂ ಒತ್ತಡದ ನೈಲಾನ್ ಎಳೆ ತಾಗಿಸಿ ಸ್ಪರ್ಶ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ.